ಎಲ್ಲ ದೋಷಕ್ಕೂ ಮೈನಸ್ ಐದು: ಅನುಭವವಿದ್ದವರು ತಿಳಿಸಿ

ಕೇಳಿದವರು: ನಾನು ನೋಡಿಕೊಳ್ಳುತ್ತಿರುವ ವರ್ಟ್‌ಐಒ ಬ್ಲಾಕ್ ಡ್ರೈವರ್ (ವರ್ಚುವಲ್ ಯಂತ್ರಕ್ಕೆ, ಅಂದರೆ ವಿಎಂಗೆ, ಡಿಸ್ಕ್ ಒದಗಿಸುವ ತಂತ್ರಾಂಶ), ವಿಎಂ ಓಡುವ ನಿಜವಾದ ಯಂತ್ರವಾದ ಹೋಸ್ಟ್‌ನಲ್ಲಿ ಜಾಗ ಮುಗಿದರೂ ನೆಟ್‌ವರ್ಕ್ ಕಡಿದರೂ ವಿಎಂ ಒಳಗಿನ ಗೆಸ್ಟ್‌ಗೆ −5 ಅನ್ನೇ, ಅಂದರೆ ಬರೀ 'ಓದು-ಬರಹದ ದೋಷ' ಎಂಬುದನ್ನೇ ಒಪ್ಪಿಸುತ್ತದೆ. ಹೊಸ ಕೋಡ್‌ಗಳನ್ನು ಸೇರಿಸಬೇಕೋ, ಲಾಗ್ ಸುಧಾರಿಸಿದರೆ ಸಾಕೋ? ತಂಡದಲ್ಲಿ ಇರುವವರು ಇಬ್ಬರೇ.

ಮೊದಲನೆಯವರು: ಕೋಡ್ ಸೇರಿಸಿ. ನಮ್ಮಲ್ಲಿ ಒಂದು ರಾತ್ರಿ ಗೆಸ್ಟ್‌ನ ಫೈಲ್ ಸಿಸ್ಟಂ ಇದ್ದಕ್ಕಿದ್ದಂತೆ ಬರೆಯಲು ಬಾರದಂತಾಯಿತು. −5 ಕಂಡದ್ದರಿಂದ ಡಿಸ್ಕೇ ಕೆಟ್ಟಿದೆ ಎಂದು ನಂಬಿ 38,000 ರೂಪಾಯಿಗೆ ಎರಡು ಎಸ್‌ಎಸ್‌ಡಿ, 1,200 ರೂಪಾಯಿಗೆ ಕೇಬಲ್ ತರಿಸಿದೆವು. ಒಂಬತ್ತನೆಯ ದಿನ ಹೋಸ್ಟ್‌ನ ಲಾಗ್‌ನ ಮೂಲೆಯಲ್ಲಿ −28, ಅಂದರೆ 'ಜಾಗವಿಲ್ಲ' ಎಂಬ ದೋಷ ಸಂಖ್ಯೆ, ಸಿಕ್ಕಿತು. ಹೋಸ್ಟ್ ಗೆಸ್ಟ್‌ಗೆ ಉತ್ತರ ಕೊಡುವ ಸ್ಥಿತಿ ಬೈಟ್‌ನಲ್ಲಿ ಮೂಲತಃ ಇದ್ದದ್ದು 0 (ಸರಿ), 1 (ದೋಷ), 2 (ಬೆಂಬಲವಿಲ್ಲ) ಮಾತ್ರವಾದ್ದರಿಂದ, ಎಂಥ ದೋಷವಾದರೂ ಅಲ್ಲಿ 1 ಆಗಿಬಿಡುತ್ತದೆ. ನಾವು 'ಜಾಗವಿಲ್ಲ' ಎಂಬುದಕ್ಕೆ 3 ಎಂದು ಇಟ್ಟುಕೊಂಡೆವು. ಗುರುತಿಲ್ಲದ ಸಂಖ್ಯೆಯನ್ನು ಹಳೆಯ ಲಿನಕ್ಸ್ ಡ್ರೈವರ್ −5 ಎಂದೇ ಓದುವುದರಿಂದ ಯಾವ ಗೆಸ್ಟೂ ಮುರಿಯಲಿಲ್ಲ.

ಎರಡನೆಯವರು: 3ರಿಂದ 6ರ ವರೆಗಿನ ಸಂಖ್ಯೆಗಳು ಈಗ ಜೋನ್ಡ್ ಡಿಸ್ಕ್‌ಗಳ (ವಲಯ ವಲಯವಾಗಿ ಬರೆಯುವ ಡಿಸ್ಕ್‌ಗಳ) ಪಾಲಾಗಿವೆ ಸ್ವಾಮಿ, ತಮ್ಮ 3 ಅನ್ನು ನಾಳೆ ಯಾರು ಹೇಗೆ ಓದುತ್ತಾರೆ? ಅಲ್ಲದೆ, ಜಾಗ ಮುಗಿದಾಗ, ವಿಎಂಗಳನ್ನು ಓಡಿಸುವ ತಂತ್ರಾಂಶವಾದ ಕ್ಯೂಇಎಂಯು ತಾನಾಗಿಯೇ ವಿಎಂ ಅನ್ನು ನಿಲ್ಲಿಸುತ್ತದೆ. ಆ ಏರ್ಪಾಡನ್ನು ಬದಲಿಸಿ ದೋಷವನ್ನು ಗೆಸ್ಟ್‌ಗೆ ತಳ್ಳಿದವರು ತಾವೇ ಇರಬೇಕು. ನಾನು ಕೋಡ್ ಮುಟ್ಟಲಿಲ್ಲ. ಲಿನಕ್ಸ್ 5.5ರಲ್ಲಿ ಬಂದ ಪರ್ಸೆಂಟ್ ಪಿಇ (%pe) ಎಂಬ ಮುದ್ರಣ ಗುರುತನ್ನು ಬಳಸಿ ಸಂಖ್ಯೆಯ ಬದಲು ದೋಷದ ಹೆಸರೇ ಲಾಗ್‌ನಲ್ಲಿ ಬೀಳುವಂತೆ ಮಾಡಿದೆ. ಸಂದೇಶಗಳಿಗೆ ಮಿತಿ ಹಾಕಲು ಮರೆತದ್ದರಿಂದ ಒಂದೇ ರಾತ್ರಿಯಲ್ಲಿ 14 ಜಿಬಿ ಲಾಗ್ ಬೆಳೆದು, ಆ ಲಾಗೇ −28ಕ್ಕೆ ಕಾರಣವಾಯಿತೆಂಬುದನ್ನೂ ಮುಚ್ಚಿಡುವುದಿಲ್ಲ.

ಮೂರನೆಯವರು: ಇಬ್ಬರದೂ ತೇಪೆ ಕೆಲಸ. ನಾವು ಬ್ಲಾಕ್ ಡ್ರೈವರ್ ಬಿಟ್ಟು, ಸ್ಕಸಿ (SCSI) ಡಿಸ್ಕ್ ಆದೇಶಗಳನ್ನು ಬಳಸುವ ವರ್ಟ್‌ಐಒ ಸ್ಕಸಿಗೆ ಹೋದೆವು. ಅಲ್ಲಿ ದೋಷದ ಜೊತೆಗೇ ಬರುವ ಸೆನ್ಸ್ ಡೇಟಾದಲ್ಲಿ ಅದರ ಕಾರಣ ವಿವರವಾಗಿ ಬರುತ್ತದೆ. ಏಳು ತಿಂಗಳು ಹಿಡಿಯಿತು, ಮೂರು ಬಾರಿ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು, ಆದರೂ ವಿಷಾದವಿಲ್ಲ.

ಎರಡನೆಯವರು: ಒಂದು ಬೈಟ್‌ನ ಕೊರತೆಗೆ ಏಳು ತಿಂಗಳು! ಸೆನ್ಸ್ ಡೇಟಾದಲ್ಲಿ ದೋಷದ ವರ್ಗ ಹೇಳುವ ಸೆನ್ಸ್ ಕೀ ತುಂಬಬೇಕಾದದ್ದು ಹೋಸ್ಟ್. ಅಲ್ಲಿ ಎಲ್ಲವನ್ನೂ ಒಂದೇ ಕೀಗೆ ಹಾಕಿದರೆ ಮತ್ತೆ ಅದೇ ಮೈನಸ್ ಐದು.

ಮೂರನೆಯವರು: ನಮ್ಮ ಹೋಸ್ಟ್ ಕೋಡನ್ನು ತಾವು ಓದಿದ್ದೀರಾ? ಓದದೆ ತೀರ್ಪು ಕೊಡಬೇಡಿ.

ಮೊದಲನೆಯವರು: ಆ ಏರ್ಪಾಡು ಬದಲಿಸಿದವರು ನಾವೇ, ಹೌದು. ನಡುರಾತ್ರಿ ಎರಡು ಗಂಟೆಗೆ ನಿಂತ ನಲವತ್ತು ವಿಎಂಗಳನ್ನು ಒಂದೊಂದಾಗಿ ಎಬ್ಬಿಸಿದ ಮೇಲೆ ಬದಲಿಸಿದೆವು. 3 ಅನ್ನು ಈ ವಾರವೇ ತೆಗೆಯುತ್ತೇನೆ, ಆದರೆ ತಮ್ಮ ಮಾತಿಗಾಗಿ ಅಲ್ಲ.

ಕೇಳಿದವರು: ನಮ್ಮದು ಕ್ಯೂಇಎಂಯು ಅಲ್ಲ ಎಂಬುದನ್ನು ಮೊದಲೇ ಹೇಳಬೇಕಿತ್ತು.