ಮೊದಲ ವೇಗದ ಕಾರು: ಸೆಕೆಂಡ್ ಹ್ಯಾಂಡ್‌ನಲ್ಲಿ ಯಾವುದು ಸೂಕ್ತ?

ಪ್ರಶ್ನೆ:
ನನಗೆ 21 ವರ್ಷ. ಓಡಿಸುವುದರಲ್ಲೇ ಸಂತೋಷ ಕೊಡುವ, ಆದರೆ ಜೇಬಿಗೆ ವಿಪರೀತ ಭಾರವಾಗದ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಳ್ಳುವ ಆಲೋಚನೆಯಿದೆ. ಟೊಯೋಟಾ ಜಿಟಿ86, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಹಳೆಯ ಬಿಎಂಡಬ್ಲ್ಯು 335ಐ, ಈ ಮೂರರ ನಡುವೆ ಮನಸ್ಸು ಹೊಯ್ದಾಡುತ್ತಿದೆ. ಬಲ್ಲವರು ಸಲಹೆ ನೀಡಬೇಕಾಗಿ ವಿನಂತಿ.

ಉತ್ತರ 1:
ಮೊದಲು ಮೂರಕ್ಕೂ ವಿಮಾ ಕಂತನ್ನು ವಿಚಾರಿಸಿ. ಅನೇಕ ಕಡೆ 25 ವರ್ಷದೊಳಗಿನ ಚಾಲಕರಿಗೆ ಅದು ದುಬಾರಿಯಾಗಿರುತ್ತದೆ. ಆರಂಭದ 335ಐ ಕಾರಿನ ಅವಳಿ ಟರ್ಬೊ ಎಂಜಿನ್ ಸುಮಾರು 300 ಅಶ್ವಶಕ್ತಿ ನೀಡುತ್ತದೆ ಎಂಬುದು ನಿಜವಾದರೂ, ಅಧಿಕ ಒತ್ತಡದ ಇಂಧನ ಪಂಪ್ ಮತ್ತು ಇಂಜೆಕ್ಟರ್‌ಗಳ ತೊಂದರೆಗೆ ಅದು ಹೆಸರಾಗಿದೆ. ಕಾರು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ.

ಉತ್ತರ 2:
ನನ್ನ ಮತ ಜಿಟಿ86ಕ್ಕೆ. ಟರ್ಬೊ ಇಲ್ಲದ 2.0 ಲೀಟರ್ ಎಂಜಿನ್, ಸುಮಾರು 200 ಅಶ್ವಶಕ್ತಿ, ಹಗುರವಾದ ದೇಹ. ಕಲಿಯುವವರಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಹಿಂಚಕ್ರ ಚಾಲನೆಯ ಕಾರಾದ್ದರಿಂದ ಒದ್ದೆ ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಹಿಂಭಾಗ ಜಾರಬಹುದು, ಆದ್ದರಿಂದ ಸ್ಟೆಬಿಲಿಟಿ ಕಂಟ್ರೋಲನ್ನು (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಬೇಡಿ. ಆರಂಭಿಕ ಕಾರುಗಳನ್ನು ವಾಲ್ವ್ ಸ್ಪ್ರಿಂಗ್ ಬದಲಿಸಲು 2018ರಲ್ಲಿ ಹಿಂದಕ್ಕೆ ಕರೆಯಲಾಗಿತ್ತು. ಎಂಜಿನ್ನನ್ನೇ ಬಿಚ್ಚಿ ಮಾಡುವ ಕೆಲಸವಾದ್ದರಿಂದ, ಅದನ್ನು ಯಾರು ಮಾಡಿದರು ಎಂಬ ದಾಖಲೆಯನ್ನು ಕೇಳಿ ಪಡೆಯಿರಿ.

ಉತ್ತರ 3:
ದಿನನಿತ್ಯ ನಾಲ್ವರು ಕೂರುವುದಿದ್ದರೆ ಗಾಲ್ಫ್ ಜಿಟಿಐ ಸಾಕು. ಯಾವುದೇ ಆಗಲಿ, ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಿ. ನೀವು ತಲುಪುವ ಮುನ್ನವೇ ಬಿಸಿ ಮಾಡಿಟ್ಟ ಕಾರು ಅನುಮಾನಾಸ್ಪದ, ತಣ್ಣಗಿರುವಾಗ ಕಾಣುವ ದೋಷವನ್ನು ಮರೆಮಾಚಿರಬಹುದು. ಶಕ್ತಿ ಹೆಚ್ಚಿಸಲು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಂತ್ರಾಂಶವನ್ನು ಮಾರ್ಪಡಿಸಿದ ಕಾರನ್ನಂತೂ, ಮಾಲೀಕರು ಎಷ್ಟೇ ಹೊಗಳಿದರೂ, ಬಿಟ್ಟುಬಿಡಿ.