ಅಡಿಗೆರೆ ಇಲ್ಲದ ಸಾಲು

[ಭಾವ ಒಂದು ವರದಿಯ ಕೊಂಡಿಯನ್ನು ಹಂಚಿಕೊಂಡಿದ್ದಾರೆ]

ಭಾವ: ಬಿಡುವಾದಾಗ ಎಲ್ಲರೂ ಓದಿ. ಅಮೆರಿಕದ ಬಾಸ್ಟನ್ ನಗರದ ಸರ್ಕಾರಿ ಶಾಲೆಗಳಲ್ಲಿ ಚರ್ಚಾ ತಂಡ ಸೇರಿದ ಬಡಮನೆಗಳ ಮಕ್ಕಳ ಓದು ಎಷ್ಟು ಸುಧಾರಿಸಿದೆ ಎಂದು ಲೆಕ್ಕ ಹಾಕಿದ್ದಾರೆ. ಬೆತ್ ಶೂಲರ್ ಮತ್ತು ಕ್ಯಾಥರೀನ್ ಲಾರ್ನೆಡ್ ಎಂಬವರ ಅಧ್ಯಯನ.

ಚಿಕ್ಕಪ್ಪ: ಓದಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದ ಹಾಗಾಯಿತು. ಗ್ರಂಥಾಲಯಕ್ಕೆ ಬೀಗ, ವರ್ಷಕ್ಕೊಬ್ಬ ಹೊಸ ಶಿಕ್ಷಕ. ಅಂತಹ ಶಾಲೆಗೆ ಚರ್ಚಾ ಸ್ಪರ್ಧೆ ಏತಕ್ಕೆ? ಮೂವತ್ತನಾಲ್ಕು ವರ್ಷ ಗಣಿತ ಪಾಠ ಮಾಡಿದವನು ನಾನು. ಚರ್ಚಾ ಸ್ಪರ್ಧೆಗೆ ಯಾವ ಮಕ್ಕಳು ಹೆಸರು ಕೊಡುತ್ತಾರೆಂದು ಚೆನ್ನಾಗಿ ಬಲ್ಲೆ. ಮೊದಲೇ ಮುಂದಿದ್ದವರು. ಅವರನ್ನೇ ಅಳೆದು ಚರ್ಚೆಯಿಂದ ಮುಂದೆ ಬಂದರು ಎಂದರೆ, ಬ್ಯಾಸ್ಕೆಟ್‌ಬಾಲ್ ಆಡಿದ್ದಕ್ಕೇ ಆಟಗಾರರು ಎತ್ತರವಾದರು ಎಂದಂತೆ.

ಅತ್ತೆ: ನೀನು ಪೂರ್ತಿ ಓದಿದೆಯೋ, ತಲೆಬರಹ ಮಾತ್ರ ನೋಡಿದೆಯೋ?

ಚಿಕ್ಕಪ್ಪ: ಪೂರ್ತಿ ಓದಿದೆ ಅಕ್ಕ. ಕೋಷ್ಟಕಗಳನ್ನು ಬಿಟ್ಟು.

ನಾನು: ಚಿಕ್ಕಪ್ಪ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಆ ಕೋಷ್ಟಕಗಳಲ್ಲಿ. ಚರ್ಚಾ ತಂಡದ ಮಕ್ಕಳನ್ನು ತಂಡಕ್ಕೆ ಸೇರದವರ ಪಕ್ಕ ನಿಲ್ಲಿಸಿ ಅಷ್ಟಕ್ಕೇ ಕೈ ತೊಳೆದುಕೊಂಡ ಅಧ್ಯಯನವಲ್ಲ ಇದು. ಅದೇ ಮಗು ತಂಡಕ್ಕೆ ಸೇರುವ ಮುನ್ನ ಎಲ್ಲಿತ್ತು, ಸೇರಿದ ಮೇಲೆ ಎಲ್ಲಿದೆ ಎಂದು ನೋಡಿದ್ದಾರೆ. ಮೊದಲೇ ಜಾಣನಾಗಿದ್ದರೆ ಆ ಜಾಣತನ ಎರಡೂ ಕಡೆ ಇರುತ್ತದೆಯಲ್ಲ, ಅದು ಲೆಕ್ಕದಿಂದ ಕಳೆದುಹೋಗುತ್ತದೆ. ಹಾಗೆ ಕಳೆದ ಮೇಲೂ ಭಾಷೆಯ ಓದಿನ ಪರೀಕ್ಷೆಯಲ್ಲಿ ಉಳಿದ ಏರಿಕೆ 0.13 ಪ್ರಮಾಣ ವಿಚಲನೆ (ಅಂಕಗಳ ಹರವನ್ನು ಅಳೆಯುವ ಮಾನ). ಒಂಬತ್ತನೆಯ ತರಗತಿಯ ಮಗು ಒಂದು ವರ್ಷದಲ್ಲಿ ಸರಾಸರಿ ಕಲಿಯುವುದರ ಶೇಕಡ 68ರಷ್ಟು. ಅತಿ ಹೆಚ್ಚು ಲಾಭವಾದದ್ದು ಸೇರುವಾಗ ಓದಿನಲ್ಲಿ ತೀರ ಹಿಂದಿದ್ದ ಮಕ್ಕಳಿಗೆ. ನೀವು ಹೇಳುವ ಮುಂದಿನ ಬೆಂಚಿನವರಿಗಲ್ಲ.

ಚಿಕ್ಕಪ್ಪ: ಒಂದು ಊರಿನ ಲೆಕ್ಕ.

ನಾನು: ಚಿಕಾಗೊದ್ದೂ ಇದೆ. ಅಲ್ಲಿನ ಲೀಗ್, ಅಂದರೆ ಶಾಲೆಗಳ ನಡುವೆ ಚರ್ಚಾ ಸ್ಪರ್ಧೆ ನಡೆಸುವ ಸಂಸ್ಥೆ, 1997ರಲ್ಲಿ ಆರಂಭವಾಯಿತು. ಅದರ ಮೊದಲ ಹತ್ತು ವರ್ಷಗಳ ದಾಖಲೆಗಳನ್ನು ಬ್ರಿಯಾನಾ ಮೆಜುಕ್ ಎಂಬ ಸಂಶೋಧಕಿ ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಚರ್ಚೆಗೆ ಬಂದ ಕಪ್ಪು ಹುಡುಗರು ಪ್ರೌಢಶಾಲೆ ಮುಗಿಸುವ ಸಾಧ್ಯತೆ ಹೆಚ್ಚು ಎಂದು ಅಲ್ಲಿಯೂ ಕಂಡಿತು. ಈ ಇಡೀ ಕೆಲಸ ಶುರುವಾದದ್ದು 1985ರಲ್ಲಿ ಅಟ್ಲಾಂಟಾದಲ್ಲಿ. ಎಮೊರಿ ವಿಶ್ವವಿದ್ಯಾಲಯದ ಚರ್ಚಾ ತಂಡವನ್ನು ನಡೆಸುತ್ತಿದ್ದ ಮೆಲಿಸ್ಸಾ ವೇಡ್ ಮತ್ತು ಅವರ ಜೊತೆಗಾರರು ನಗರದ ಸರ್ಕಾರಿ ಶಾಲೆಗಳಿಗೆ ಇದನ್ನು ತಂದರು. ಅದಕ್ಕೂ ಮೊದಲು ಇದು ಬಹುಮಟ್ಟಿಗೆ ಅನುಕೂಲಸ್ಥರ ಶಾಲೆಗಳ ಸೊತ್ತಾಗಿತ್ತು.

ತಮ್ಮ: ಅಕ್ಕ, ನಾನು ಆ ಸ್ಪರ್ಧೆಗಳ ವಿಡಿಯೊ ನೋಡಿದ್ದೇನೆ. ಉಸಿರು ಬಿಡದೆ ನಿಮಿಷಕ್ಕೆ ನೂರಾರು ಪದ ಉದುರಿಸುತ್ತಾರೆ. ಒಂದು ಅಕ್ಷರ ಅರ್ಥವಾಗುವುದಿಲ್ಲ. ಇನ್ನೊಂದು, ಬೆಳಿಗ್ಗೆ ಪರ, ಮಧ್ಯಾಹ್ನ ಅದೇ ವಿಷಯಕ್ಕೆ ವಿರೋಧ. ನಂಬದ ಮಾತನ್ನು ನಂಬಿಕೆ ಬರುವಂತೆ ಆಡುವುದನ್ನು ಮಕ್ಕಳಿಗೆ ಕಲಿಸಬೇಕೇ?

ಚಿಕ್ಕಪ್ಪ: ಸರಿಯಾಗಿ ಹೇಳಿದೆ. ಇದಕ್ಕೆ ವಿತಂಡವಾದ ಎಂದು ಹೆಸರು.

ನಾನು: ವೇಗದ ವಿಷಯದಲ್ಲಿ ನಾನು ನಿನ್ನ ಕಡೆ. ರಾಷ್ಟ್ರಮಟ್ಟದಲ್ಲಿ ಆ ಚಟ ಬೆಳೆದಿದೆ, ನನಗೆ ಹಿಡಿಸುವುದಿಲ್ಲ. ನಾನು ತೀರ್ಪುಗಾರಳಾಗಿ ಕುಳಿತಾಗ ಸುತ್ತು ಆರಂಭವಾಗುವ ಮುನ್ನವೇ ನಿಧಾನವಾಗಿ ಮಾತನಾಡಿ ಎಂದು ಹೇಳುತ್ತೇನೆ, ಮಕ್ಕಳು ಕೇಳುತ್ತಾರೆ. ಆದರೆ ವಿತಂಡವಾದ ಎಂಬ ಮಾತನ್ನು ಒಪ್ಪುವುದಿಲ್ಲ ಚಿಕ್ಕಪ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನದನ್ನು ಕೆಡವುತ್ತಾ ಹೋಗುವುದು ವಿತಂಡ. ಇಲ್ಲಿ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅವನಿಗಿಂತ ಚೆನ್ನಾಗಿ ಬಲ್ಲವನೇ ಗೆಲ್ಲುತ್ತಾನೆ. ಎರಡೂ ಕಡೆ ಮಾತನಾಡಿಸುವುದು ಅದಕ್ಕೇ.

ಅತ್ತೆ: ನೀನು ಶನಿವಾರ ಶನಿವಾರ ಹೋಗುವುದು ಇದಕ್ಕೇನೇ? ಏನೋ ಸ್ವಯಂಸೇವೆ ಎಂದಿದ್ದೆ.

ನಾನು: ಇದಕ್ಕೇ ಅತ್ತೆ. ಈ ಲೀಗ್‌ಗಳಿಗೆ ತೀರ್ಪುಗಾರರು ಸದಾ ಸಾಲುವುದಿಲ್ಲ, ನನ್ನಂಥ ಹೊರಗಿನವರನ್ನೂ ತರಬೇತಿ ಕೊಟ್ಟು ಕೂರಿಸುತ್ತಾರೆ. ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಆಟದ ನಿಯಮ. ಅಮೆರಿಕದಲ್ಲಿ ಇಡೀ ದೇಶಕ್ಕೆ ವರ್ಷಪೂರ್ತಿ ಒಂದೇ ವಿಷಯ. 2023–24ರಲ್ಲಿ ಆರ್ಥಿಕ ಅಸಮಾನತೆ: ಒಕ್ಕೂಟ ಸರ್ಕಾರ ಉದ್ಯೋಗ ಖಾತರಿ ಕೊಡಬೇಕೇ, ಸಾಮಾಜಿಕ ಭದ್ರತೆಯನ್ನು ವಿಸ್ತರಿಸಬೇಕೇ, ಎಲ್ಲರಿಗೂ ಮೂಲ ಆದಾಯ ನೀಡಬೇಕೇ ಎಂದು. ಒಂದು ಕಡೆಗೆ ಇಬ್ಬರು. ಪ್ರತಿಯೊಬ್ಬರಿಗೂ ಎಂಟು ನಿಮಿಷದ ಮಂಡನೆ, ಅದರ ಬೆನ್ನಿಗೇ ಮೂರು ನಿಮಿಷದ ಪಾಟೀಸವಾಲು, ಕೊನೆಗೆ ಐದು ನಿಮಿಷದ ಖಂಡನೆ. ಹೊಸಬರಿಗೆ ಲೀಗ್‌ನವರೇ ಲೇಖನಗಳ ಒಂದು ಕಟ್ಟನ್ನು ಕೊಡುತ್ತಾರೆ, ಎರಡೂ ಕಡೆಯವರ ಕೈಯಲ್ಲಿ ಅದೇ ಕಟ್ಟು. ಗಟ್ಟಿಯಾಗಿ ಓದಬೇಕಾದ ಸಾಲುಗಳಿಗೆ ಅಡಿಗೆರೆ ಎಳೆದಿರುತ್ತದೆ. ಉಳಿದದ್ದನ್ನು ಬಹಳಷ್ಟು ಮಕ್ಕಳು ಮುಟ್ಟುವುದಿಲ್ಲ.

ಈ ಹುಡುಗ ಅಕ್ಟೋಬರ್‌ನಲ್ಲಿ ನನ್ನ ಕೋಣೆಗೆ ಬಂದಾಗ ಎಂಟು ನಿಮಿಷದಲ್ಲಿ ಎರಡು ನಿಮಿಷವನ್ನೂ ತುಂಬಿಸಲಿಲ್ಲ. ಬೆರಳನ್ನು ಸಾಲಿನ ಮೇಲಿಟ್ಟುಕೊಂಡು ಓದುತ್ತಿದ್ದ. ಒಂದು ಉದ್ದದ ಪದ ಬಂದಲ್ಲಿ ಬೆರಳು ನಿಂತಿತು, ಅವನೂ ನಿಂತ. ಗಡಿಯಾರ ಓಡುತ್ತಲೇ ಇತ್ತು. ಯಾರೂ ನಗಲಿಲ್ಲ, ಎದುರು ತಂಡದವರೂ. ಅವನು ಕುಳಿತುಕೊಂಡ.

ಫೆಬ್ರವರಿಯಲ್ಲಿ ಅದೇ ಹುಡುಗ ಮತ್ತೆ ನನ್ನ ಕೋಣೆಗೇ ಬಂದ. ಆ ದಿನ ಪರ. ಎದುರಿನ ಹುಡುಗಿ ಉದ್ಯೋಗ ಖಾತರಿಯಿಂದ ಹಣದುಬ್ಬರವಾಗುತ್ತದೆ ಎಂದು ಒಂದು ಲೇಖನವನ್ನು ಓದಿದಳು. ಪಾಟೀಸವಾಲಿಗೆ ಇವನು ಎದ್ದ. ಕೈಯಲ್ಲಿ ಅದೇ ಪುಟ, ಮಡಿಸಿ ಮಡಿಸಿ ಅಂಚು ಸವೆದಿತ್ತು. 'ನೀವು ನಿಲ್ಲಿಸಿದ ಜಾಗದಿಂದ ಮುಂದಿನ ವಾಕ್ಯವನ್ನು ಓದುತ್ತೀರಾ?' ಎಂದು ಕೇಳಿದ. ಅವಳು 'ಅದಕ್ಕೆ ಅಡಿಗೆರೆ ಇಲ್ಲ' ಎಂದಳು. 'ಗೊತ್ತು, ಓದಿ' ಎಂದ. ಅವಳು ಓದಿದಳು. ಆ ವಾಕ್ಯದಲ್ಲಿ ಲೇಖಕನೇ, ಕೂಲಿಯ ದರವನ್ನು ಕೆಳಮಟ್ಟದಲ್ಲಿ ನಿಗದಿ ಮಾಡಿದರೆ ಈ ಭಯ ಬಹುಮಟ್ಟಿಗೆ ಇರುವುದಿಲ್ಲ ಎಂದು ಬರೆದಿದ್ದ.

ತಮ್ಮಾ, ನಂಬದ ಮಾತನ್ನು ಆಡಲು ಕಲಿಸುತ್ತಾರೆ ಎಂದೆಯಲ್ಲ. ಆ ಸಾಲು ಅವನ ಕಣ್ಣಿಗೆ ಬಿದ್ದದ್ದು ಹೇಗೆ ಎಂದು ಯೋಚಿಸು. ಹಿಂದಿನ ತಿಂಗಳು ಅದೇ ಲೇಖನವನ್ನು ಹಿಡಿದು ಅವನೇ ವಿರೋಧ ಪಕ್ಷದಲ್ಲಿ ನಿಂತಿದ್ದ.

ಭಾವ: ಇದನ್ನು ಮೊದಲೇ ಹೇಳಿದ್ದರೆ ನಾನು ವರದಿ ಹಾಕುವ ಕೆಲಸವೇ ಇರುತ್ತಿರಲಿಲ್ಲ.

ನಾನು: ಓದು ಓದು ಎಂದು ಎಂಟು ವರ್ಷ ಅವನಿಗೆ ಎಲ್ಲರೂ ಹೇಳಿರುತ್ತಾರೆ ಭಾವ. ಓದಿದ್ದು ಆ ಮಧ್ಯಾಹ್ನವೇ ಕೆಲಸಕ್ಕೆ ಬರುತ್ತದೆ ಎಂಬುದು ಅವನಿಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಅವನು ಆಡಿದ ಪ್ರತಿ ಮಾತನ್ನು ಎದುರಿನವರು ಬರೆದುಕೊಳ್ಳುತ್ತಾರೆ, ಅದಕ್ಕೆ ಉತ್ತರ ಕೊಡುತ್ತಾರೆ, ನಾನೂ ಬರೆದುಕೊಳ್ಳುತ್ತೇನೆ. ಒಂದು ಗಂಟೆಗೂ ಹೆಚ್ಚು ಹೊತ್ತು ಒಬ್ಬ ಹದಿನಾಲ್ಕರ ಹುಡುಗನ ಮಾತಿಗೆ ದೊಡ್ಡವರೊಬ್ಬರು ಹೀಗೆ ಕಿವಿಗೊಟ್ಟು ಕೂರುವುದು ಬೇರೆ ಎಲ್ಲಿದೆ ಹೇಳಿ.

ಚಿಕ್ಕಪ್ಪ: ಹುಡುಗ ಒಳ್ಳೆಯ ಕೆಲಸ ಮಾಡಿದ, ಒಪ್ಪಿದೆ. ಆದರೆ ಕೋಷ್ಟಕ ನೋಡು ಎಂದೆಯಲ್ಲ, ಈಗ ನೋಡಿದೆ. ಗಣಿತದಲ್ಲಿ ಏನೂ ಏರಿಲ್ಲ.

ನಾನು: ಏರಿಲ್ಲ. ಇಳಿದೂ ಇಲ್ಲ. ಓದಿನಲ್ಲಿಯೂ ಹೆಚ್ಚು ಏರಿದ್ದು ವಿಶ್ಲೇಷಣೆಯ ಪ್ರಶ್ನೆಗಳಲ್ಲಿ, ಕಂಠಪಾಠದ ಮಾದರಿಯವುಗಳಲ್ಲಿ ಅಷ್ಟಿಲ್ಲ. ಚರ್ಚೆ ಗಣಿತ ಕಲಿಸುತ್ತದೆ ಎಂದು ನಾನು ಹೇಳುತ್ತಿಲ್ಲ.

ಚಿಕ್ಕಪ್ಪ: ನನ್ನ ಮೊದಲ ಪ್ರಶ್ನೆ ಹಾಗೆಯೇ ಉಳಿಯಿತು. ಶಿಕ್ಷಕರಿಲ್ಲ, ಪುಸ್ತಕವಿಲ್ಲ. ಇಂತಹ ಒಳ್ಳೆಯ ಸುದ್ದಿ ತೋರಿಸಿ, ನೋಡಿ, ಹಣವಿಲ್ಲದೆಯೇ ಮಕ್ಕಳು ಮೇಲೆ ಬರುತ್ತಿದ್ದಾರೆ ಎಂದು ಆಳುವವರು ಕೈ ಕಟ್ಟಿ ಕೂರುತ್ತಾರೆ. ನಾನು ಇದನ್ನು ಸೇವೆಯುದ್ದಕ್ಕೂ ನೋಡಿದವನು.

ನಾನು: ಇದು ನಿಜವಾದ ಭಯ, ನನಗೂ ಇದೆ. ಆದರೆ ಚರ್ಚೆ ಹಣವಿಲ್ಲದೆ ನಡೆಯುತ್ತದೆ ಎನ್ನುವವರು ಒಂದು ಶನಿವಾರ ಬಂದು ನೋಡಬೇಕು. ಶಾಲೆಯ ಶಿಕ್ಷಕರೇ ವಾರದ ದಿನಗಳಲ್ಲಿ ಸಂಜೆ ಕುಳಿತು ತಯಾರಿ ಮಾಡಿಸುತ್ತಾರೆ, ಅವರಿಗೆ ಭತ್ಯೆ ಕೊಡಬೇಕು. ಊರಿನ ಆ ತುದಿಯಿಂದ ಮಕ್ಕಳನ್ನು ಕರೆತರಲು ಬಸ್ ಬೇಕು, ದಿನವಿಡೀ ಇರುವವರಿಗೆ ಊಟ ಬೇಕು. ಶಿಕ್ಷಕ ಬಿಟ್ಟುಹೋದ ವರ್ಷ ತಂಡವೂ ಚದುರಿಹೋಗುತ್ತದೆ. ಹಾಗಾಗಿ ಶಿಕ್ಷಕರನ್ನು ಕೊಡಿ ಎಂಬ ನಿಮ್ಮ ಬೇಡಿಕೆಗೆ ಚರ್ಚೆ ಎದುರು ನಿಲ್ಲುವುದಿಲ್ಲ, ಆ ಬೇಡಿಕೆ ಈಡೇರಿದಲ್ಲಿಯೇ ಇದೂ ಬದುಕುತ್ತದೆ.

ಅತ್ತೆ: ತಂಡಕ್ಕೆ ಸೇರದ ಮಕ್ಕಳ ಗತಿ ಏನು? ನಾಚಿಕೆಯವರು, ಶನಿವಾರ ತಂಗಿ ತಮ್ಮಂದಿರನ್ನು ನೋಡಿಕೊಳ್ಳಬೇಕಾದವರು?

ನಾನು: ಒಳ್ಳೆಯ ಪ್ರಶ್ನೆ ಅತ್ತೆ, ಸ್ಪರ್ಧೆಯ ಬಳಿ ಇದಕ್ಕೆ ಪೂರ್ಣ ಉತ್ತರವಿಲ್ಲ. ಬಾಸ್ಟನ್ ಡಿಬೇಟ್ ಲೀಗ್‌ನವರು ತರಗತಿಯೊಳಗೇ ಇದನ್ನು ಬಳಸುವಂತೆ ಬೇರೆ ಬೇರೆ ವಿಷಯಗಳ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಪಾಠದ ನಡುವೆ ಒಂದು ಹೇಳಿಕೆ ಇಟ್ಟು, ಆಧಾರ ತೋರಿಸಿ ಎನ್ನುವುದು. ನನಗೆ ಕಪ್‌ಗಳಿಗಿಂತ ಈ ಕೆಲಸವೇ ದೊಡ್ಡದೆನಿಸುತ್ತದೆ.

ಚಿಕ್ಕಪ್ಪ: ಗಣಿತಕ್ಕೂ ಆಗುತ್ತದೆ ಅದು. ಎರಡು ವಿಧಾನಗಳಲ್ಲಿ ಯಾವುದು ಸರಿ, ತಪ್ಪಾದದ್ದು ಯಾವ ಹೆಜ್ಜೆಯಲ್ಲಿ ಎಂದು ಮಕ್ಕಳ ಬಾಯಲ್ಲೇ ಹೇಳಿಸಬೇಕು. ನಾನು ಕೆಲವು ಬಾರಿ ಮಾಡಿದ್ದೇನೆ. ಸಾಲದಷ್ಟು ಸಲ.

ತಮ್ಮ: ಅಕ್ಕ, ಆ ಹುಡುಗ ಗೆದ್ದನೇ?

ನಾನು: ಇಲ್ಲ.

ಚಿಕ್ಕಪ್ಪ: ಏಕೆ? ಅವರ ಆಧಾರ ಅಲ್ಲಿಯೇ ಬಿದ್ದುಹೋಯಿತಲ್ಲ!

ನಾನು: ಪಾಟೀಸವಾಲಿನಲ್ಲಿ ಸಿಕ್ಕಿದ್ದನ್ನು ಮುಂದಿನ ಭಾಷಣದಲ್ಲಿ ಎತ್ತಿಕೊಂಡು ತಮ್ಮ ವಾದಕ್ಕೆ ಸೇರಿಸಬೇಕು. ಅವನಾಗಲಿ, ಅವನ ಜೊತೆಗಾರನಾಗಲಿ ಆ ಸಾಲನ್ನು ಮತ್ತೆ ಎತ್ತಲಿಲ್ಲ. ಅವರು ಹೇಳದ್ದನ್ನು ಅವರ ಪರವಾಗಿ ನಾನು ಹೇಳುವಂತಿಲ್ಲ.

ಚಿಕ್ಕಪ್ಪ: ನೀನು ಕಿವಿಯಾರೆ ಕೇಳಿದ್ದೆ. ನಾನಾಗಿದ್ದರೆ ಗೆಲ್ಲಿಸುತ್ತಿದ್ದೆ.

ನಾನು: ತೀರ್ಪಿನ ಹಾಳೆಯಲ್ಲಿ ಅದನ್ನೇ ಬರೆದೆ ಚಿಕ್ಕಪ್ಪ: ಗೆಲ್ಲುವ ವಾಕ್ಯ ನಿನ್ನ ಕೈಯಲ್ಲೇ ಇತ್ತು, ಎಂಟನೆಯ ನಿಮಿಷದವರೆಗೂ ಅದನ್ನು ಕೈಬಿಡಬೇಡ. ಸುತ್ತು ಮುಗಿದ ಮೇಲೆ ಬಂದು ಅದರ ಬಗ್ಗೆ ನನ್ನೊಡನೆ ವಾದಕ್ಕೆ ನಿಂತ, ಹತ್ತು ನಿಮಿಷ. ಮುಂದಿನ ಸುತ್ತಿಗೆ ಅವನ ಶಿಕ್ಷಕಿ ಬಂದು ಕರೆದುಕೊಂಡು ಹೋಗಬೇಕಾಯಿತು.

ಚಿಕ್ಕಪ್ಪ: ಆ ತೀರ್ಪಿನ ಹಾಳೆಯ ಖಾಲಿ ಪ್ರತಿಯೊಂದಿದ್ದರೆ ಕಳಿಸು. ಏನೇನು ಅಂಕಣಗಳಿವೆ ನೋಡುತ್ತೇನೆ.