ಮನೇಲಿ ಒಬ್ಬರಾದ್ಮೇಲೆ ಒಬ್ಬರಿಗೆ ಜ್ವರ ಕೆಮ್ಮು, ಅತ್ತೆಗೆ ಸಿಒಪಿಡಿ ಬೇರೆ ಇದೆ, ಏನ್ ಮಾಡೋದು?

ನಿದ್ದೆಗೆಟ್ಟವಳು

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳಿ. ಮನೇಲಿ ಐದು ಜನ ಇದೀವಿ. ನಾನು, ಯಜಮಾನ್ರು, ಮಗಳಿಗೆ 6 ವರ್ಷ, ಮಗನಿಗೆ 3, ಜೊತೆಗೆ ಅತ್ತೆ, ಅವರಿಗೆ 71, ಸಿಒಪಿಡಿ (ಉಸಿರಾಟದ ದಾರಿ ಕಿರಿದಾಗೋ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇರೋದ್ರಿಂದ ದಿನಾ ಎರಡು ಹೊತ್ತು ಇನ್ಹೇಲರ್. ಪ್ರತಿ ವರ್ಷ ಈ ಸೀಸನ್ ಬಂದ್ರೆ ಸಾಕು ನಮ್ಮಲ್ಲಿ ಸರದಿ ಶುರು, ಮೊದ್ಲು ಚಿಕ್ಕೋನಿಗೆ ಮೂಗು ಸೋರತ್ತೆ, ಎರಡು ದಿನಕ್ಕೆ ಮಗಳಿಗೆ, ಆಮೇಲೆ ನನಗೆ, ನಾನು ಎದ್ದು ಓಡಾಡೋ ಹೊತ್ತಿಗೆ ಇವರು ಹೊದ್ದು ಮಲಗಿರ್ತಾರೆ. ಅಲ್ಲಿಗೆ ನಿಂತಿದ್ರೆ ನಾನು ಇಲ್ಲಿ ಬರೀತಾನೇ ಇರ್ಲಿಲ್ಲ. ಹೋದ ವರ್ಷ ನಮಗೆಲ್ಲ ನಾಲ್ಕು ದಿನದ ನೆಗಡಿ ಆಗಿದ್ದು ಅತ್ತೆಗೆ ಎದೆಗಿಳೀತು, ಹತ್ತು ದಿನ ಆಸ್ಪತ್ರೆ. ಅವತ್ತಿಂದ ಮನೇಲಿ ಯಾರು ಸೀನಿದ್ರೂ ನನ್ನ ಎದೆ ಧಸಕ್ ಅನ್ನತ್ತೆ.

ಈಗಿನ ವಿಷ್ಯ ಏನಂದ್ರೆ ನಿನ್ನೆ ರಾತ್ರಿಯಿಂದ ಮಗಳಿಗೆ 101.5 ಜ್ವರ, ಒಣ ಕೆಮ್ಮು, ಕಾಲು ನೋವು ಅಂತ ಅಳು. ಬೆಳಿಗ್ಗೆ ಕೋವಿಡ್ ಕಿಟ್‌ನಲ್ಲಿ ನೋಡ್ದೆ, ಒಂದೇ ಗೆರೆ. ಯಜಮಾನ್ರು "ನೆಗೆಟಿವ್ ಬಂತಲ್ಲ, ಮಾಮೂಲಿ ಶೀತ ಬಿಡು" ಅಂತಾರೆ. ಅತ್ತೆ ಅಂತೂ "ಮಗೂಗೆ ಮೈ ಕಾದಿರುವಾಗ ನಾನು ದೂರ ಕೂರ್ಲಾ" ಅಂತ ತೊಡೆ ಮೇಲೇ ಮಲಗಿಸ್ಕೊಂಡಿದಾರೆ, ನಾನೇನಾದ್ರೂ ಹೇಳಿದ್ರೆ ಬೇಜಾರು ಮಾಡ್ಕೋತಾರೆ.

ಇದು ಕೋವಿಡ್ಡಾ, ಫ್ಲೂನಾ, ಬರೀ ನೆಗಡೀನಾ ಅಂತ ಮನೇಲೇ ಕಂಡುಹಿಡಿಯೋಕೆ ದಾರಿ ಇದ್ಯಾ? ಮನೆಯೊಳಗೆ ಮಾಸ್ಕ್ ಹಾಕ್ಕೊಳೋದು ಅತಿ ಆಯ್ತಾ? ಹೋದ ಸಲದ ಆಂಟಿಬಯಾಟಿಕ್ ಅರ್ಧ ಸ್ಟ್ರಿಪ್ ಮಿಕ್ಕಿದೆ, ಅತ್ತೆಗೆ ಮುಂಜಾಗ್ರತೆಗೆ ಕೊಟ್ಬಿಡ್ಲಾ?

ಹಳೇಕೆಮ್ಮು

ಆ ಅರ್ಧ ಸ್ಟ್ರಿಪ್ ಮೊದ್ಲು ಕೈಬಿಡಿ ಮೇಡಂ. ಮೆಡಿಕಲ್ ಶಾಪ್‌ನವರು ವಾಪಸ್ ತಗೊಂಡ್ರೆ ಅಲ್ಲಿ ಕೊಟ್ಬಿಡಿ, ಮನೇಲಂತೂ ಇಟ್ಕೋಬೇಡಿ. ಕೋವಿಡ್, ಫ್ಲೂ, ನೆಗಡಿ ಮೂರೂ ವೈರಸ್ಸು, ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗೆ. ಕಫ ಹಸಿರಾಯ್ತು ಅಂದ ತಕ್ಷಣ ಬ್ಯಾಕ್ಟೀರಿಯಾ ಅಂತಲೂ ಅಲ್ಲ, ನಮ್ಮ ಬಿಳಿ ರಕ್ತಕಣಗಳಲ್ಲೇ ಹಸಿರು ಬಣ್ಣದ ಒಂದು ಕಿಣ್ವ ಇರತ್ತೆ, ಅದು ಕಫದಲ್ಲಿ ಸೇರಿದ್ರೆ ಆ ಬಣ್ಣ. ನಾನು ಇದು ಗೊತ್ತಿಲ್ದೆ ಎಷ್ಟು ಕೋರ್ಸ್ ನುಂಗಿದೀನೋ ಲೆಕ್ಕ ಇಲ್ಲ.

ರಾತ್ರಿಪಾಳಿ

ಅಕ್ಕ, ನಾನು ವಾರ್ಡ್‌ನಲ್ಲಿ ನರ್ಸ್. ಡಾಕ್ಟರ್ ಅಲ್ಲ, ಆದ್ರೆ ಇಂಥ ಮನೆಗಳಿಂದ ಬರೋ ಅತ್ತೆ ಮಾವಂದಿರನ್ನ ಪ್ರತಿ ಸೀಸನ್ ನೋಡ್ತೀನಿ, ಅದಕ್ಕೇ ಸ್ವಲ್ಪ ಖಾರವಾಗಿ ಬರೆದ್ರೆ ತಪ್ಪು ತಿಳೀಬೇಡಿ.

ಲಕ್ಷಣ ನೋಡಿ ಯಾವ ವೈರಸ್ ಅಂತ ಹೇಳೋಕೆ ನಮ್ಮ ದೊಡ್ಡ ಡಾಕ್ಟರಿಗೂ ಆಗಲ್ಲ. ಒಂದು ಅಂದಾಜು ಇದೆ ಅಷ್ಟೆ, ಫ್ಲೂ ಆದ್ರೆ "ಮಧ್ಯಾಹ್ನ ಆಡ್ತಿದ್ದ ಮಗು ಸಂಜೆಗೆ ಏಳ್ತಾ ಇಲ್ಲ" ಅನ್ನೋ ಥರ ದಿಢೀರ್ ಬರತ್ತೆ, ಮೈಕೈ ನೋವು ಜಾಸ್ತಿ. ನೆಗಡಿ ಗಂಟಲು ಕೆರೆತದಿಂದ ಶುರುವಾಗಿ ನಿಧಾನಕ್ಕೆ ಮೂಗಿಗೆ ಬರತ್ತೆ. ಕೋವಿಡ್ ಈಗೀಗ ಎರಡರ ವೇಷಾನೂ ಹಾಕತ್ತೆ. ಮಗಳ ಕಾಲು ನೋವು ಕೇಳಿದ್ರೆ ನನಗೆ ಫ್ಲೂ ಅನ್ಸತ್ತೆ, ಆದ್ರೆ ನನ್ನ ಅನಿಸಿಕೆ ನಂಬ್ಕೊಂಡು ಕೂರಬೇಡಿ. ಕಿಟ್ ಒಂದೇ ಗೆರೆ ತೋರಿಸ್ತು ಅಂದ್ರೆ "ಕೋವಿಡ್ ಇಲ್ಲ" ಅಂತಲ್ಲ, "ಇವತ್ತು ಸಿಕ್ಕಿಲ್ಲ" ಅಂತ. ಶುರುವಿನಲ್ಲಿ ಎಷ್ಟೋ ಸಲ ತಪ್ಪಿಸ್ಕೊಳತ್ತೆ, 48 ಗಂಟೆ ಬಿಟ್ಟು ಇನ್ನೊಂದು ಮಾಡಿ.

ಈಗ ನಿಜವಾಗ್ಲೂ ಮುಖ್ಯ ಆಗೋದು ಗಡಿಯಾರ. ಮಗಳಿಗೆ ಜ್ವರ ಬಂದ ದಿನ, ಹೊತ್ತು ಎರಡೂ ಕ್ಯಾಲೆಂಡರ್ ಮೇಲೆ ಬರೆದಿಡಿ. ಯಾಕೆ ಅಂದ್ರೆ ಫ್ಲೂಗೆ ಕೊಡೋ ಒಸೆಲ್ಟಾಮಿವಿರ್ ಲಕ್ಷಣ ಶುರುವಾದ 48 ಗಂಟೆಯೊಳಗೆ ತಗೊಂಡ್ರೇ ಚೆನ್ನಾಗಿ ಕೆಲಸ ಮಾಡೋದು, ಕೋವಿಡ್‌ನ ನಿರ್ಮಾಟ್ರೆಲ್ವಿರ್ ರಿಟೊನಾವಿರ್ 5 ದಿನದೊಳಗೆ ಶುರು ಮಾಡ್ಬೇಕು. ಇವು ಎಲ್ರಿಗೂ ಬೇಕಾಗಲ್ಲ, ಆದ್ರೆ ನಿಮ್ಮ ಅತ್ತೆ ಥರದವರಿಗೇ ಇರೋದು. ನಾವು ನೋಡೋದು ಏನು ಗೊತ್ತಾ, "ನಾಳೆ ನೋಡೋಣ ನಾಳೆ ನೋಡೋಣ" ಅಂತ ಐದನೇ ದಿನ ಏದುಸಿರು ಬಿಡ್ತಾ ಬರ್ತಾರೆ, ಅಷ್ಟೊತ್ತಿಗೆ ಫ್ಲೂ ಮಾತ್ರೆ ಚೆನ್ನಾಗಿ ಕೆಲಸ ಮಾಡೋ ಹೊತ್ತು ಮೀರಿರತ್ತೆ. ಹಾಗಾಗಿ ಇವತ್ತೇ ಮಗಳಿಗೆ ಟೆಸ್ಟ್ ಮಾಡ್ಸಿ, ಫ್ಲೂ ಬಂದ್ರೆ ಅತ್ತೆಗೆ ಲಕ್ಷಣ ಬರೋ ಮುಂಚೇನೇ ಅದೇ ಒಸೆಲ್ಟಾಮಿವಿರ್‌ನ ಮುನ್ನೆಚ್ಚರಿಕೆ ಡೋಸ್ ಬೇಕಾ ಅಂತ ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಇದನ್ನ ಕೇಳ್ಬಹುದು ಅಂತಾನೇ ತುಂಬಾ ಜನಕ್ಕೆ ಗೊತ್ತಿಲ್ಲ.

ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಎಷ್ಟು ಪರ್ಸೆಂಟ್ ಅಂತ ನೋಡೋದು) ಮನೇಲಿ ಇದ್ರೆ ಅತ್ತೆ ಚೆನ್ನಾಗಿರುವಾಗ್ಲೇ ದಿನಾ ಒಂದೇ ಹೊತ್ತಿಗೆ ನೋಡಿ ಬರೆದಿಟ್ಕೊಳಿ. ಸಿಒಪಿಡಿ ಇರೋರಿಗೆ ಮಾಮೂಲಿನಲ್ಲೇ ಸ್ವಲ್ಪ ಕಮ್ಮಿ ಇರಬಹುದು, ಬೇರೆಯವರ 94ರ ಲೆಕ್ಕ ಅವರಿಗೆ ಹಿಡಿದ್ರೆ ಸುಮ್ನೆ ಗಾಬರಿ ಬೀಳ್ತೀರಿ, ಇಲ್ಲಾಂದ್ರೆ ನಿಜವಾಗ್ಲೂ ಇಳಿದಾಗ ಗೊತ್ತೇ ಆಗಲ್ಲ. ಬೆರಳು ತಣ್ಣಗಿದ್ರೆ, ಉಗುರಿಗೆ ಬಣ್ಣ ಇದ್ರೆ ತಪ್ಪು ತೋರಿಸತ್ತೆ.

ಒಂದು ವಾಕ್ಯ ಹೇಳೋಕೆ ಆಗದಷ್ಟು ದಮ್ಮು, ತುಟಿ ನೀಲಿ, ಗೊಂದಲವಾಗಿ ಮಾತಾಡೋದು, ಮಗು ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗೋದು, ಇದ್ಯಾವುದಿದ್ರೂ ಫೋನ್ ಗೀನ್ ಬೇಡ, ಸೀದಾ ಆಸ್ಪತ್ರೆ. ಇನ್ನೊಂದು, ಜ್ವರ ಇಳಿದು ಎರಡು ದಿನ ಆರಾಮಾಗಿದ್ದು ಮತ್ತೆ ಜೋರಾಗಿ ಬಂತು ಅಂದ್ರೂ ಹಾಗೇ. ಅಲ್ಲಿ ನ್ಯುಮೋನಿಯಾ ಇರಬಹುದು.

ಚಳಿಗಂಜದವ

ಎಲ್ಲಾ ಓದ್ದೆ. ಸ್ವಲ್ಪ ಅತಿ ಆಗ್ತಿಲ್ವಾ? ನಮ್ಮ ಕಾಲದಲ್ಲಿ ಒಬ್ಬರಿಗೆ ಬಂದ್ರೆ ಎಲ್ರಿಗೂ ಬರ್ತಿತ್ತು ಹೋಗ್ತಿತ್ತು. ಬಂದು ಹೋದ್ರೇನೇ ಇಮ್ಯುನಿಟಿ ಬೆಳೆಯೋದು. ಮನೆಯೊಳಗೆ ಮಾಸ್ಕ್ ಹಾಕ್ಕೊಂಡು ಮಗೂನ ದೂರ ಇಟ್ರೆ ಅದರ ಮನಸ್ಸಿಗೆ ಏನಾಗ್ಬೇಡ.

ರಾತ್ರಿಪಾಳಿ

ಸರ್, ನೆಗಡಿ ತರೋ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆ ಇದೆ, ಎಷ್ಟು ಸಲ ಬಂದು ಹೋಗ್ಬೇಕು ಹೇಳಿ. ಫ್ಲೂ ಅಂತೂ ವರ್ಷ ವರ್ಷ ರೂಪ ಬದಲಾಯಿಸತ್ತೆ. ಮಕ್ಕಳಿಗೆ ಬರೋದನ್ನ ಪೂರ್ತಿ ತಡೆಯೋಕೆ ಆಗಲ್ಲ, ಒಪ್ತೀನಿ. 71ರ ಶ್ವಾಸಕೋಶಕ್ಕೆ "ಬಂದು ಹೋಗ್ಲಿ" ಅನ್ನೋಕಾಗಲ್ಲ. "ಹೋಗ್ತಿತ್ತು" ಅಂದ್ರಲ್ಲ, ಜೊತೆಗೆ ಯಾರನ್ನ ಕರ್ಕೊಂಡು ಹೋಗ್ತಿತ್ತು ಅಂತ ಯಾರೂ ಬರೆದಿಡ್ತಿರ್ಲಿಲ್ಲ ಅಷ್ಟೆ.

ಕಿಟಕಿತೆಗಿ

ಮಾಸ್ಕ್ ಬಗ್ಗೆ ನಂದು ಎರಡು ಮಾತು. ಜ್ವರ ಬಂದ ಮಗು ಮಾಸ್ಕ್ ಇಟ್ಕೊಳಲ್ಲ, ಕಿತ್ತು ಎಸೆಯತ್ತೆ. ಅದರ ಬದಲು ಅತ್ತೆ ಒಂದು ಎನ್95 ಹಾಕ್ಕೊಳ್ಳಲಿ, ಉಸಿರಿಗೆ ಕಷ್ಟ ಆಗಲ್ಲ ಅಂದ್ರೆ ಮಾತ್ರ. ಕಷ್ಟ ಆಗತ್ತೆ ಅಂದ್ರೆ ಬೇಡ, ಗಾಳಿ ಕಡೆ ಗಮನ ಕೊಡಿ.

ನಾವು ಹೀಗೆ ಮಾಡ್ತೀವಿ, ಕಾಯಿಲೆಯವರ ರೂಮ್ ಕಿಟಕೀಲಿ ಟೇಬಲ್ ಫ್ಯಾನ್ ಹೊರಮುಖ ಮಾಡಿ ಇಟ್ಟು ರೂಮಿನ ಬಾಗಿಲು ಮುಚ್ಚೋದು, ಮನೆಯ ಇನ್ನೊಂದು ಕಡೆ ಕಿಟಕಿ ತೆಗೆಯೋದು. ಸರಿ ಇದ್ಯಾ ಅಂತ ನೋಡೋಕೆ ಟಿಶ್ಯೂ ಪೇಪರ್ ಉದ್ದಕ್ಕೆ ಹರಿದು ಬಾಗಿಲ ಕೆಳಗಿನ ಸಂದಿಯಲ್ಲಿ ಹಿಡೀರಿ. ರೂಮಿನ ಒಳಗಡೆಗೆ ಎಳೆದ್ರೆ ಗಾಳಿ ಸರಿ ದಿಕ್ಕಲ್ಲಿದೆ, ನಿಮ್ಮ ಕಡೆ ಹಾರಿದ್ರೆ ವೈರಸ್ಸನ್ನ ನೀವೇ ಹಾಲ್‌ಗೆ ಬೀಸ್ತಾ ಇದೀರಿ ಅಂತ ಅರ್ಥ. ನಾವು ಮೊದಲ ವರ್ಷ ಫ್ಯಾನ್ ಉಲ್ಟಾ ಇಟ್ಟು ಮೂರು ದಿನ ಹೆಮ್ಮೆ ಪಟ್ಕೊಂಡಿದ್ವಿ :(

ಹಳೇಕೆಮ್ಮು

ಮರೆತಿದ್ದೆ, ಮಾತ್ರೆ ಡಬಲ್ ಆಗೋದು ನೋಡ್ಕೊಳಿ. ಹೋದ ಸಲ ನಾನು ಜ್ವರಕ್ಕೆ ಒಂದು, ಶೀತಕ್ಕೆ ಒಂದು, ರಾತ್ರಿ ನಿದ್ದೆ ಬರ್ಲಿ ಅಂತ ಬಿಸಿನೀರಲ್ಲಿ ಕಲಸೋ ಪುಡಿ ಒಂದು ತಗೋತಿದ್ದೆ. ನಮ್ಮನೆಯವಳು ಸುಮ್ನೆ ಮೂರು ಕವರ್ ಪಕ್ಕಪಕ್ಕ ಇಟ್ಟು ಹಿಂದೆ ಓದಿದ್ಳು, ಮೂರರಲ್ಲೂ ಪ್ಯಾರಾಸಿಟಮಾಲ್. ದೊಡ್ಡೋರಿಗೆ ದಿನಕ್ಕೆ 4 ಗ್ರಾಂ ಮೀರಬಾರ್ದು, ಲಿವರ್‌ಗೆ ಪೆಟ್ಟು. ಮಕ್ಕಳಿಗೆ ತೂಕದ ಲೆಕ್ಕ, ಡಾಕ್ಟರ್ ಹೇಳಿದಷ್ಟೇ. ಮಕ್ಕಳಿಗೆ ಆಸ್ಪಿರಿನ್ ಮಾತ್ರ ಕೊಡ್ಲೇಬೇಡಿ. ಮೂಗು ಬಿಡಿಸೋ ಸ್ಪ್ರೇನೂ ಮೂರು ದಿನಕ್ಕಿಂತ ಹೆಚ್ಚು ಹಾಕಿದ್ರೆ ಮೂಗು ಅದಕ್ಕೇ ಒಗ್ಗಿ ಇನ್ನೂ ಕಟ್ಕೊಳತ್ತೆ.

ನಿಮ್ಮ ಹೆಸರು ನೋಡಿದ್ರೆ ನೀವೂ ಮಲಗಿಲ್ಲ ಅನ್ಸತ್ತೆ.

ನಿದ್ದೆಗೆಟ್ಟವಳು

ಎಲ್ರಿಗೂ ಥ್ಯಾಂಕ್ಸ್, ಎರಡು ದಿನ ಬರೋಕೆ ಆಗ್ಲಿಲ್ಲ. ಅವತ್ತೇ ಸಂಜೆ ಕರ್ಕೊಂಡು ಹೋಗಿ ಟೆಸ್ಟ್ ಮಾಡ್ಸಿದ್ವಿ, ಇನ್ಫ್ಲುಯೆಂಜಾ ಎ, ಅಂದ್ರೆ ಫ್ಲೂನೇ. ಅತ್ತೆಯ ಡಾಕ್ಟರಿಗೆ ಫೋನ್ ಮಾಡಿ ರಾತ್ರಿಪಾಳಿ ಅವರು ಹೇಳಿದ ಪ್ರಶ್ನೆ ಹಾಗೇ ಕೇಳ್ದೆ, ಅವರು ಒಂದು ಕ್ಷಣ ಸುಮ್ನಿದ್ದು "ಒಳ್ಳೇದಾಯ್ತು ಈಗ್ಲೇ ಕೇಳಿದ್ರಿ" ಅಂತ ಮುನ್ನೆಚ್ಚರಿಕೆ ಡೋಸ್ ಶುರು ಮಾಡ್ಸಿದ್ರು. ಈ ವರ್ಷದ ಫ್ಲೂ ಲಸಿಕೆ ಹಾಕ್ಸಿದೀರಾ ಅಂತ ಕೇಳಿದ್ರು, ಹೋದ ವರ್ಷದ್ದು ಇದೆ ಅಂದೆ, ಅದು ಸಾಲಲ್ಲ ಅಂದ್ರು. ಹಾಕಿಸ್ಕೊಂಡ್ರೂ ಮೈಯಲ್ಲಿ ಶಕ್ತಿ ಬರೋಕೆ ಸುಮಾರು ಎರಡು ವಾರ ಬೇಕಂತೆ, ಅಂದ್ರೆ ಸೀಸನ್ ಮುಂಚೆ ಹಾಕಿಸ್ಬೇಕಿತ್ತು. ನ್ಯುಮೋನಿಯಾ ತರೋ ಒಂದು ಬ್ಯಾಕ್ಟೀರಿಯಾ ವಿರುದ್ಧದ ನ್ಯೂಮೋಕಾಕಲ್ ಲಸಿಕೆ ಬಗ್ಗೇನೂ ಮುಂದಿನ ಸಲ ಮಾತಾಡೋಣ ಅಂದ್ರು.

ಅತ್ತೆನ ಒಪ್ಸಿದ್ದು ನಾನಲ್ಲ, ಮಗಳು. "ಅಜ್ಜಿ ನೀನು ಮತ್ತೆ ಆಸ್ಪತ್ರೆಗೆ ಹೋದ್ರೆ ಕಥೆ ಯಾರು ಹೇಳ್ತಾರೆ" ಅಂತು, ಮುಗೀತು. ಈಗ ಇಬ್ರೂ ಫೋನಲ್ಲೇ ಕಥೆ, ಅಜ್ಜಿ ಹಾಲ್‌ನಲ್ಲಿ, ಮೊಮ್ಮಗಳು ರೂಮಲ್ಲಿ, ನಡುವೆ ಒಂದು ಗೋಡೆ, ಕಿರುಚಾಟ ಮಾತ್ರ ಫೋನಿಲ್ದೇನೂ ಕೇಳ್ಸತ್ತೆ.

ಟಿಶ್ಯೂ ಹಿಡಿದು ನೋಡ್ದೆ ಕಿಟಕಿತೆಗಿ ಅವರೇ. ನಮ್ಮ ಫ್ಯಾನೂ ಉಲ್ಟಾನೇ ಇತ್ತು. ತಿರುಗ್ಸಿದ್ಮೇಲೆ ಒಳಗಡೆಗೆ ವಾಲ್ತು.

ಯಜಮಾನ್ರು ಈಗ ತಾನೇ ಎರಡು ಸಲ ಸೀನಿ "ಧೂಳು ಧೂಳು" ಅಂದ್ರು. ಕ್ಯಾಲೆಂಡರ್ ಮೇಲೆ ಹೊತ್ತು ಬರೆದಿದೀನಿ, 8.40.